ಹೂಂಗುಟ್ಟಲು ಕಲಿತ ಯಂತ್ರ

ನೀರು ಸರಬರಾಜು ಕಚೇರಿಗೆ ಬಂದ ಮಾತಾಡೋ ಕಂಪ್ಯೂಟರು ತಪ್ಪೇ ಮಾಡುತ್ತಿರಲಿಲ್ಲ, ಅದೇ ತೊಂದರೆ. ನಲ್ಲಿ ಒಣಗಿದೆ ಎಂದು ಫೋನಿನಲ್ಲಿ ಗೋಳಾಡುವವರಿಗೆ "ದೂರು ದಾಖಲಾಗಿದೆ, ಧನ್ಯವಾದ" ಎನ್ನುತ್ತಿತ್ತು. ಜನ "ಯಾರಾದ್ರೂ ಮನುಷ್ಯರಿಗೆ ಕೊಡಪ್ಪಾ" ಎಂದು ರೇಗುತ್ತಿದ್ದರು.

ಆ ಮನುಷ್ಯ ಅಂದರೆ ನಮ್ಮ ದೂರು ಗುಮಾಸ್ತ. ಬೈಸಿಕೊಂಡು ಬೈಸಿಕೊಂಡು ಎಷ್ಟು ಸುಸ್ತಾಗಿದ್ದನೆಂದರೆ, ಹೆಂಡತಿ ಊಟಕ್ಕೆ ಕರೆದರೂ "ಕ್ಷಮಿಸಿ, ವಿಚಾರಿಸ್ತೀನಿ" ಎನ್ನುತ್ತಿದ್ದ, ಪಾಪ.

"ಇದಕ್ಕೆ ಮನುಷ್ಯರ ಹಾಗೆ ಮಾತಾಡೋದು ಕಲಿಸು," ಎಂದರು ಮ್ಯಾನೇಜರ್. "ಸಂಜೆ ಮೇಷ್ಟ್ರ ಫೋನು ಬರತ್ತಲ್ಲ, ಅವರನ್ನ ಇದು ಸಮಾಧಾನ ಮಾಡಿದ್ರೆ ನಿನಗೆ ಫೋನಿನಿಂದ ಮುಕ್ತಿ." ಮೇಷ್ಟ್ರು ನಿವೃತ್ತ ಹೆಡ್‌ಮಾಸ್ಟರು. ದಿನಾ ಫೋನು ಮಾಡಿ ಜಗಳವಾಡದಿದ್ದರೆ ಅವರಿಗೆ ತಿಂದದ್ದು ಅರಗುತ್ತಿರಲಿಲ್ಲ.

ಗುಮಾಸ್ತ ಮೈಕಿನ ಮುಂದೆ ಕೂತ. ಸುತ್ತಲೂ ಸಲಹೆ ಕೊಡುವವರು ಮುತ್ತಿಕೊಂಡರು.

"ಮಧ್ಯೆ ಮಧ್ಯೆ ಹೂಂ ಅನ್ನೋದು ಕಲಿಸಿ ಸಾರ್," ಎಂದಳು ಟೈಪಿಸ್ಟ್.

ಕಲಿಸಿದ. ಮ್ಯಾನೇಜರ್ ಪರೀಕ್ಷೆಗೆಂದು ಫೋನು ಮಾಡಿ "ಏನು, ನಾನೇನು ದಡ್ಡನಾ?" ಎಂದಾಗಲೂ ಅದು ಹೂಂ ಎಂದಿತು.

"ಸ್ವಲ್ಪ ನೊಂದ್ಕೋಬೇಕು ಕಣ್ರೀ," ಎಂದ ಕ್ಯಾಷಿಯರ್. ಅದನ್ನೂ ಕಲಿಸಿದ. ಆಮೇಲೆ ಫೋನು ಮಾಡಿದ ಹೆಂಗಸಿನ ಕಷ್ಟ ಕೇಳಿ ಯಂತ್ರ ಬಿಕ್ಕಿ ಬಿಕ್ಕಿ ಅತ್ತಿತು. ಕೊನೆಗೆ ಅವಳೇ ಅದಕ್ಕೆ ಸಮಾಧಾನ ಹೇಳಿ ಫೋನಿಟ್ಟಳು.

ಊಟದ ಡಬ್ಬಿ ತೆರೆಯಲೂ ಬಿಡುವಿರಲಿಲ್ಲ. ಗುಮಾಸ್ತನಿಗೆ ಸಾಕೋ ಸಾಕಾಯಿತು. "ನೋಡಪ್ಪಾ," ಎಂದ ಯಂತ್ರಕ್ಕೆ, "ಅವರು ಹೇಳೋದನ್ನ ಪೂರ್ತಿ ಕೇಳು. ಆಮೇಲೆ, ಬಂದು ನೋಡ್ತೀವಿ ಅನ್ನು. ಅರ್ಧ ಸಿಟ್ಟು ಅಲ್ಲೇ ಇಳಿಯತ್ತೆ."

ಸಂಜೆ ಮೇಷ್ಟ್ರ ಫೋನು ಬಂತು. ಎಲ್ಲರೂ ಸ್ಪೀಕರಿನ ಸುತ್ತ ಉಸಿರು ಬಿಗಿಹಿಡಿದು ನಿಂತರು. ಮೇಷ್ಟ್ರು ಗುಡುಗಿದರು. ಯಂತ್ರ ಬೇಕಾದ ಕಡೆಯೆಲ್ಲ ಹೂಂಗುಟ್ಟಿತು. "ಅಯ್ಯೋ, ಈ ವಯಸ್ಸಲ್ಲಿ ನೀವೇ ಬಕೆಟ್ ಹೊತ್ರಾ?" ಎಂದಿತು.

ಅತ್ತ ಕಡೆ ದನಿ ಮೆತ್ತಗಾಯಿತು. "ಪೂರ್ತಿ ಕೇಳಿಸ್ಕೊಂಡವನು ನೀನೊಬ್ಬನೇ ಕಣಪ್ಪಾ. ಮನೇಲೂ ಯಾರೂ ಕೇಳಲ್ಲ."

"ಇನ್ಮೇಲೆ ಫೋನು ಮಾಡೋ ಕಷ್ಟನೂ ಬೇಡ ಮೇಷ್ಟ್ರೇ. ದಿನಾ ಬೆಳಿಗ್ಗೆ ನಮ್ಮವರು ಮನೆಗೇ ಬಂದು, ಕೂತು, ಕೇಳ್ತಾರೆ," ಎಂದಿತು ಯಂತ್ರ.

ಮೇಷ್ಟ್ರು ಆಶೀರ್ವಾದ ಮಾಡಿ ಫೋನಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಗುಮಾಸ್ತನಿಗೆ ಕಣ್ಣಲ್ಲಿ ನೀರೇ ಬಂತು.

"ಕೊಟ್ಟ ಮಾತು ನಡೆಸಬೇಕಲ್ಲ," ಎಂದು ಮ್ಯಾನೇಜರ್ ಸುತ್ತ ನೋಡಿದರು. ಟೈಪಿಸ್ಟ್ ಟೈಪು ಮಾಡತೊಡಗಿದಳು, ಕ್ಯಾಷಿಯರ್ ಕೌಂಟರಿಗೆ ಓಡಿದ. ಮ್ಯಾನೇಜರ್ ಗುಮಾಸ್ತನತ್ತ ತಿರುಗಿದರು. "ಕೆಲಸ ಇಲ್ದೆ ಇರೋನು ಈಗ ನೀನೊಬ್ಬನೇ. ನಾಳೆಯಿಂದ ಬೆಳಿಗ್ಗೆ ಬೇಗ ಮೇಷ್ಟ್ರ ಮನೆಗೆ ಹೊರಡು."

ಗುಮಾಸ್ತ ಬಾಯಿ ತೆರೆಯುವಷ್ಟರಲ್ಲಿ ಯಂತ್ರ ಇನ್ನೊಂದು ಫೋನಿನಲ್ಲಿ ಹೇಳುತ್ತಿತ್ತು: "ನಿಮ್ಮನೆಗೂ ಬರ್ತಾರೆ ಬಿಡಿ ಅಮ್ಮಾ. ಅವರು ಫ್ರೀಯಾಗೇ ಇದ್ದಾರೆ."