ಡಬ್ಬಿಯಲ್ಲಿದ್ದದ್ದಕ್ಕೆ ಹೊಸ ಕಾನೂನು

ನಿಯಮ ಪಾಲಿಸುವುದರಲ್ಲಿ ನನ್ನಷ್ಟು ಪ್ರಾಮಾಣಿಕ ಬಸವೇಶ್ವರನಗರದಲ್ಲಿ ಇನ್ನೊಬ್ಬನಿರಲಾರ. ಡಾಕ್ಟರು ಸಿಹಿ ಬಿಡಿ ಎಂದ ಮೇಲೆ ನಾನು ಒಂದು ಚೂರು ಸಿಹಿಯನ್ನೂ ಮನೆಗೆ ತಂದವನಲ್ಲ. ಆದರೆ ಅದಕ್ಕೂ ಮೊದಲೇ ಡಬ್ಬಿ ಸೇರಿದ್ದ ಕೊಬ್ಬರಿ ಮಿಠಾಯಿಯ ಗತಿ? ಅದು ಹಳೆಯ ಕಾನೂನಿನ ಕಾಲದಲ್ಲಿ ಒಳಗೆ ಬಂದದ್ದು, ಹೊಸದು ಅದಕ್ಕೆ ತಾಗದು ಎಂಬುದು ನನ್ನ ವಾದ. ಹೀಗೆಂದಾಗಲೆಲ್ಲ ಹೆಂಡತಿ ಶೈಲಾ ಮಾತು ಬಿಟ್ಟು, ಟೀವಿ ಮುಂದೆ ಬೆನ್ನು ತಿರುಗಿಸಿ ಕೂರುತ್ತಿದ್ದಳು. ಆಗ ಡಬ್ಬಿಯ ಮುಚ್ಚಳ ತೆಗೆಯುವುದು ಸಲೀಸು.

ವಿಚಿತ್ರವೆಂದರೆ, ಆಫೀಸಿನ ರೂಟರೆಂಬ ಯಂತ್ರಕ್ಕೂ ನನ್ನದೇ ಬುದ್ಧಿ. ನಮ್ಮದು ರಾಜಾಜಿನಗರದ ಪುಟ್ಟ ಇಂಟರ್ನೆಟ್ ಕಂಪನಿ. ಸುತ್ತಲಿನ ಸೈಬರ್ ಸೆಂಟರ್‌ಗಳಿಗೆ ನಾವೇ ಗತಿ. ಇಬ್ಬರು ದೊಡ್ಡ ಕಂಪನಿಯವರಿಂದ ನಾವು ಲೈನು ಪಡೆದಿದ್ದೆವು. ಯಾವ ಊರಿಗೆ ಯಾವ ದಾರಿ ಎಂದು ಅವರ ರೂಟರುಗಳು ನಮ್ಮ ರೂಟರಿಗೆ ಹೇಳುತ್ತಿದ್ದವು, ಯಾರ ಮಾತು ಕೇಳಬೇಕೆಂಬ ನಿಯಮವನ್ನು ನಾನು ಬರೆಯುತ್ತಿದ್ದೆ. ನಿಯಮ ಬದಲಿಸಿದರೆ ಸಂಪರ್ಕ ಕಡಿದು ಮತ್ತೆ ಜೋಡಿಸುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಅಷ್ಟು ಹೊತ್ತು ಎಲ್ಲರ ಇಂಟರ್ನೆಟ್ಟೂ ತೂಕಡಿಸುತ್ತಿತ್ತು.

ಪಿಯುಸಿ ರಿಸಲ್ಟಿನ ದಿನವೇ, ರಿಸಲ್ಟ್ ಪುಟಕ್ಕೆ ಮೊದಲನೆಯವನು ತೋರಿಸಿದ ದಾರಿ ಕೆಟ್ಟಿತು. ಎರಡನೆಯವನ ದಾರಿ ಹಿಡಿಯಲು ನಿಯಮ ಬರೆದೆ. ಏನೂ ಬದಲಾಗಲಿಲ್ಲ. ಅಷ್ಟರಲ್ಲಿ ವಿಜಯನಗರದ ಸೈಬರ್ ಸೆಂಟರ್ ಮಂಜಣ್ಣನ ಫೋನು.

“ಸಾರ್, ದಮ್ಮಯ್ಯ, ಇವತ್ತೊಂದಿನ ಕಟ್ ಮಾತ್ರ ಮಾಡ್ಬೇಡಿ. ಮಕ್ಳು ರೋಡ್ ತಂಕ ನಿಂತವ್ರೆ, ಒಂದು ಹುಡ್ಗಿ ಆಗ್ಲೇ ಅಳ್ತಾ ಅವ್ಳೆ.”

ಪಕ್ಕದ ಸೀಟಿನ ನಾಗೇಶ, “ಯೋಚ್ನೆ ಯಾಕೆ ಗುರು, ಕಡಿದು ಜೋಡ್ಸು” ಎಂದ. ನನಗೆ ಆ ಹುಡುಗಿ ಇನ್ನಷ್ಟು ಅತ್ತಾಳೆಂಬ ಭಯ, ಜೊತೆಗೆ ಕುತೂಹಲ: ಬರೆದ ನಿಯಮ ಯಾಕೆ ನಾಟಲಿಲ್ಲ? ನೋಡಿದರೆ, ರೂಟರು ಹೊಸದಾಗಿ ಬಂದ ಸುದ್ದಿಗೆ ಮಾತ್ರ ಹೊಸ ನಿಯಮ ಹಚ್ಚುತ್ತಿತ್ತು. ಮೊದಲೇ ಕೇಳಿಟ್ಟುಕೊಂಡದ್ದು ಡಬ್ಬಿಯಲ್ಲಿ ಹಾಗೇ ಭದ್ರ! ರೂಟರಿನ ಕೈಪಿಡಿ ತಡಕಿದಾಗ ‘ಸಾಫ್ಟ್’ ಎಂಬ ಪುಟ್ಟ ಪದ ಸಿಕ್ಕಿತು. ಕಡಿದು ಜೋಡಿಸುವ ಆಜ್ಞೆಗೆ ಅದನ್ನು ಸೇರಿಸಿದರೆ ನಮ್ಮ ರೂಟರು ಸಂಪರ್ಕ ಕಡಿಯದೆಯೇ, ಹೇಳಿದ್ದನ್ನೆಲ್ಲ ಇನ್ನೊಮ್ಮೆ ಹೇಳಪ್ಪಾ ಎಂದು ಕೇಳುತ್ತದೆ. ಆ ಕಡೆಯವನು ಸಿಡುಕದೆ ಮೊದಲಿಂದ ಹೇಳುತ್ತಾನೆ, ನಮ್ಮದು ಅದನ್ನು ಹೊಸ ನಿಯಮದಲ್ಲಿ ಜರಡಿ ಹಿಡಿಯುತ್ತದೆ. ಆ ಪದ ಸೇರಿಸಿ ಗುಂಡಿ ಒತ್ತಿದೆ. ಸಂಪರ್ಕ ಅಲುಗಲಿಲ್ಲ, ದಾರಿ ಬದಲಾಯಿತು.

“ಓಪನ್ ಆಯ್ತು ಸಾರ್! ಆ ಹುಡ್ಗಿ ಪಾಸು!” ಎಂದು ಮಂಜಣ್ಣ ಕೂಗಿದ. ನನಗೇ ರ‍್ಯಾಂಕು ಬಂದಷ್ಟು ಖುಷಿಯಾಯಿತು.

ಸಂಜೆ ಕಾಫಿ ಕುಡಿಯುತ್ತ ಈ ಪ್ರತಾಪವನ್ನೆಲ್ಲ ಶೈಲಾಗೆ ಹೇಳಿದೆ. ಎಂದೂ ಇಲ್ಲದ ಆಸಕ್ತಿಯಿಂದ ಕೇಳಿದಳು.

“ಅಂದ್ರೆ, ಮೊದ್ಲೇ ಒಳಗೆ ಬಂದಿರೋದಕ್ಕೂ ಹೊಸ ರೂಲ್ಸೇನಾ?”

“ಮತ್ತೆ? ಅದೇ ಕಣೇ ಮಜಾ.”

“ಮಾತೂ ಬಿಡೋ ಹಾಗಿಲ್ಲ?”

“ಒಂದ್ ಕ್ಷಣಾನೂ ಇಲ್ಲ.”

“ಹೌದಾ! ಆಮೇಲೆ?” ಎನ್ನುತ್ತಲೇ ಡಬ್ಬಿ ಇಳಿಸಿದಳು. ಮಂಜಣ್ಣನ ಬಗ್ಗೆ ವಿಚಾರಿಸುತ್ತ ಅದರಲ್ಲಿದ್ದ ಕೋಡುಬಳೆಯನ್ನು ನನಗೆಂದು ಈಚೆಗಿಟ್ಟಳು. ಆ ಹುಡುಗಿ ಪಾಸಾದದ್ದಕ್ಕೆ ಸಂತೋಷಪಡುತ್ತ ಕೊಬ್ಬರಿ ಮಿಠಾಯಿಯನ್ನಷ್ಟೂ ತಟ್ಟೆಗೆ ಸುರಿದು, ಕಾಂಪೌಂಡಿನಾಚೆಯ ಆಂಟಿಗೆ ದಾಟಿಸಿ ಬಂದಳು. ಅಲ್ಲಿಂದಲೂ “ಆಮೇಲೆ ಏನಾಯ್ತ್ರೀ?” ಎಂದು ಕೇಳುತ್ತಲೇ ಇದ್ದಳು.

ನಾನು ಕೋಡುಬಳೆ ಕಡಿಯುತ್ತ ಉತ್ತರ ಕೊಡುತ್ತಲೇ ಇದ್ದೆ. ಹಿಂದಿನ ಹಾಗೆ ಅವಳು ಮಾತು ಬಿಟ್ಟು ಟೀವಿ ಮುಂದೆ ಕೂತಿದ್ದರೆ, ಮಿಠಾಯಿಯ ಒಂದು ತುಂಡಾದರೂ ನನ್ನ ಪಾಲಿಗೆ ಉಳಿಯುತ್ತಿತ್ತು.