ಟೋಲ್ ದಾಟಿದ ಮೇಲೆ ರೊಟ್ಟಿ

ಬಾಗಿಲು ತಾನಾಗಿಯೇ ತೆರೆದುಕೊಳ್ಳುವ ಭಾಗ್ಯ ನಮ್ಮಂಥವರಿಗೆ ಬಾಳಿನಲ್ಲಿ ಎಷ್ಟು ಸಲ ಸಿಗುತ್ತದೆ ಹೇಳಿ. ನಾನು ಬುದ್ಧಿ ಬಂದಾಗಿನಿಂದ ಕಿಟಕಿಗಳ ಮುಂದೆ ನಿಂತವನು. ತಹಸೀಲ್ ಕಚೇರಿಯ ಕಿಟಕಿ, ಕರೆಂಟ್ ಬಿಲ್ಲಿನ ಕಿಟಕಿ, ರೈಲ್ವೆ ಟಿಕೇಟಿನ ಕಿಟಕಿ. ಎಲ್ಲ ಕಡೆಯೂ ನನ್ನ ಸರದಿ ಬರುವ ಹೊತ್ತಿಗೆ ಒಳಗಿನವರು ಊಟಕ್ಕೆ ಎದ್ದಿರುತ್ತಾರೆ. ಅಂಥ ನನ್ನ ಕಾರು ಟೋಲ್ ಗೇಟಿನ ಹತ್ತಿರ ಹೋದ ಕೂಡಲೇ ಪೀಂ ಎಂದು ಸದ್ದಾಗಿ, ಅಡ್ಡಗೋಲು ಸರಕ್ಕನೆ ಮೇಲೇಳುತ್ತದೆ! ಮೊದಲ ದಿನ ನಾನು ಖುಷಿ ತಾಳಲಾರದೆ ಆ ಗೋಲಿಗೆ ಕೈಯೆತ್ತಿ ನಮಸ್ಕಾರ ಮಾಡಿದ್ದೆ. ಈಗಲೂ, ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ, ಮಾಡುತ್ತೇನೆ.

ನನ್ನ ಮನೆ ಜೇವರ್ಗಿಯಲ್ಲಿ, ನೌಕರಿ ಸಿಂದಗಿಯ ಕಾಲೇಜಿನಲ್ಲಿ. ಪಾಠ ಮಾಡುವುದು ಇತಿಹಾಸವಾದರೂ, ಕಾರಿಗೆ ಫಾಸ್ಟ್ಯಾಗ್ ಅಂಟಿಸಿದ ದಿನದಿಂದ ನಾನು ವಿಜ್ಞಾನಿಯಾಗಿದ್ದೇನೆ. ಯಾರಾದರೂ ಲಿಫ್ಟ್ ಕೇಳಿ ಹತ್ತಿದರೆ ಸಾಕು, ಶುರು ಮಾಡುತ್ತೇನೆ. ಗಾಜಿನ ಮೇಲಿನ ಈ ಚೀಟಿಯೊಳಗೆ ಜೋಳದ ಕಾಳಿಗಿಂತ ಸಣ್ಣದೊಂದು ಚಿಪ್ ಇದೆ, ಅದಕ್ಕೆ ಬ್ಯಾಟರಿ ಬೇಕಿಲ್ಲ, ಗೇಟಿನ ಮೇಲಿನ ಯಂತ್ರ ಕಣ್ಣಿಗೆ ಕಾಣದ ಅಲೆ ಬಿಟ್ಟು ‘ಯಾರು ನೀನು’ ಎಂದು ಕೇಳುತ್ತದೆ, ಚಿಪ್ ಆ ಅಲೆಯ ಬಲದಿಂದಲೇ ಎದ್ದು ತನ್ನ ನಂಬರು ಹೇಳುತ್ತದೆ, ಖಾತೆಯಿಂದ ಸುಂಕ ಹೋಗುತ್ತದೆ, ಗೇಟು ತೆರೆಯುತ್ತದೆ, ಮೊಬೈಲಿಗೆ ಮೆಸೇಜು ಬರುತ್ತದೆ! ಹಿಂದೆ ಇದೇ ಜಾಗದಲ್ಲಿ ಲಾರಿಗಳ ಹೊಗೆ ಕುಡಿಯುತ್ತ, ಎಣ್ಣೆ ಸುಡುತ್ತ, ಚಿಲ್ಲರೆಯ ಬದಲು ಅವರು ಕೊಟ್ಟ ಚಾಕೊಲೇಟು ಚೀಪುತ್ತ ಕುಳಿತಿರುತ್ತಿದ್ದೆವು. ಒಮ್ಮೆ ದಾರಿ ಪಕ್ಕದ ಹಳ್ಳಿಯ ಹಿರಿಯರೊಬ್ಬರು ನನ್ನ ಪಾಠವನ್ನೆಲ್ಲ ಶಾಂತವಾಗಿ ಕೇಳಿ, “ಅದೆಲ್ಲಾ ಖರೆ ಅದ ಸರ, ನನ್ನ ಊರಿಗಿ ಹೊಳ್ಳೋ ಫಾಟಾ ಹಿಂದ ಹೋತು,” ಎಂದಿದ್ದರು.

ಮೆಸೇಜು ಬರುತ್ತದೆ ಎಂದೆನಲ್ಲ, ಅದು ಬರುವುದು ನನ್ನ ಮೊಬೈಲಿಗಲ್ಲ. ಟ್ಯಾಗ್ ಮಾಡಿಸಿದ ದಿನ ನನ್ನ ಮೊಬೈಲು ರಿಪೇರಿಗೆ ಹೋಗಿತ್ತು. ಓಟಿಪಿ ಬರಬೇಕಲ್ಲ ಎಂದು ನನ್ನ ಹೆಂಡತಿ ಸುವರ್ಣಾಳ ನಂಬರು ಕೊಟ್ಟೆ. ಅದರ ಫಲ ಎಂಥದ್ದು ಗೊತ್ತೇ? ಟೋಲಿನಿಂದ ನಮ್ಮ ಮನೆಗೆ ಸರಿಯಾಗಿ ಇಪ್ಪತ್ತೈದು ನಿಮಿಷ. ಅಲ್ಲಿ ಗೇಟು ಎದ್ದರೆ ಇಲ್ಲಿ ಸುವರ್ಣಾ ಏಳುತ್ತಾಳೆ. ಒಲೆ ಹಚ್ಚಿ, ಹಿಟ್ಟು ನಾದಿ, ರೊಟ್ಟಿ ಬಡಿಯತೊಡಗುತ್ತಾಳೆ. ನಾನು ಚಪ್ಪಲಿ ಬಿಡುವ ಹೊತ್ತಿಗೆ ಮೊದಲ ರೊಟ್ಟಿ ಹಂಚಿನ ಮೇಲೆ ಉಬ್ಬುತ್ತಿರುತ್ತದೆ. ಹೆದ್ದಾರಿ ಕಟ್ಟಿದವರು ಇಷ್ಟು ದೂರದ ಯೋಚನೆ ಮಾಡಿರಲಾರರು, ಆದರೆ ಬಿಸಿ ರೊಟ್ಟಿ ಮತ್ತು ಪುಂಡಿಪಲ್ಯದ ಮುಂದೆ ಕುಳಿತಾಗಲೆಲ್ಲ ನಾನು ಅವರನ್ನು ಮನಸಾರೆ ಹರಸಿದ್ದೇನೆ.

ಇನ್ನು ಒಂದು ಗುಟ್ಟು ಹೇಳಲೇಬೇಕು. ಟೋಲ್ ದಾಟಿದ ಮೇಲೆ ರಸ್ತೆ ಪಕ್ಕದಲ್ಲಿ ಇಜೇರಿಯ ಮಲ್ಲಪ್ಪನ ಮಿರ್ಚಿ ಭಜಿಯ ಬಂಡಿ ಇತ್ತು. ಹೋದ ವರ್ಷ ನನಗೆ ಎದೆ ಹಿಡಿದಂತಾಗಿ, ಡಾಕ್ಟರು ಕರಿದದ್ದನ್ನು ಮುಟ್ಟಲೇಬಾರದು ಎಂದು ಕಟ್ಟುನಿಟ್ಟಾಗಿ ಹೇಳಿದ್ದರು. ಸುವರ್ಣಾ ಅಂದೇ ಮನೆಯ ಎಣ್ಣೆಯ ಕಡಾಯಿಯನ್ನು ಅಟ್ಟಕ್ಕೆ ಹಾಕಿ, ತಾನೂ ಭಜಿ ಬಿಟ್ಟಳು. ನಾನು ಮಾತ್ರ ಬಿಟ್ಟಿರಲಿಲ್ಲ. ಮೊದಲಾದರೆ ತಡವಾದದ್ದಕ್ಕೆ ‘ಟೋಲಿನಲ್ಲಿ ಸಾಲು’ ಎಂದರೆ ಮುಗಿಯುತ್ತಿತ್ತು. ಈಗ ಎಲ್ಲಿಯ ಸಾಲು? ಒಂದು ಸಂಜೆ ಸುವರ್ಣಾ ಆರಿದ ರೊಟ್ಟಿ ಬಡಿಸಿ, “ಟೋಲ್‌ದಿಂದ ಇಲ್ಲಿಗಿ ಬರಾಕ ಮುಕ್ಕಾಲು ತಾಸು ಯಾಕ ಬೇಕಾತ್ರಿ?” ಎಂದಳು. ಎಮ್ಮೆಗಳು ಅಡ್ಡ ಬಂದವು ಎಂದೆ. ಎಮ್ಮೆಗಳು ವಾರಕ್ಕೆ ಮೂರು ಸಲ ಬರತೊಡಗಿದಾಗ ನನಗೇ ನಾಚಿಕೆಯಾಯಿತು.

ಆಗ ಹೊಳೆಯಿತು. ಭಜಿಯನ್ನು ಟೋಲಿನ ಈಚೆಗಲ್ಲ, ಆಚೆಗೆ ತಿನ್ನಬೇಕು! ಮೆಸೇಜು ಹೋಗುವ ಮೊದಲೇ ತಿಂದು, ಬಾಯಿ ಒರೆಸಿಕೊಂಡು ಗೇಟು ದಾಟಿದರೆ ಇಪ್ಪತ್ತೈದು ನಿಮಿಷಕ್ಕೆ ಮನೆ. ಮರುದಿನ ಟೋಲಿಗೆ ಮೊದಲೇ ಬಂಡಿ ಹುಡುಕುತ್ತ ಬಂದರೆ, ಅಲ್ಲಿ ಮಲ್ಲಪ್ಪನೇ ಕುಳಿತು ಭಜಿ ಕರಿಯುತ್ತಿದ್ದಾನೆ. ಸುತ್ತ ಆರೇಳು ಕಾರು.

“ಅಲ್ಲೋ ಮಲ್ಲಪ್ಪ, ಈ ಕಡೆ ಯಾವಾಗ ಬಂದಿ?”

“ಎರಡು ದಿನಾ ಆತ್ರಿ ಸರ,” ಎಂದ ಅವನು ಎಣ್ಣೆಯಲ್ಲಿ ಜಾಲರಿ ಸೌಟು ಆಡಿಸುತ್ತ. “ಆ ಕಡಿ ಗಿರಾಕಿನೇ ನಿಲ್ಲವಲ್ರಾಗಿದ್ರು. ಎಲ್ಲಾರ ಮೆಸೇಜೂ ಮನಿಗೇ ಹೋಗ್ತಾವಂತ. ಅದಕ್ಕ ಬಂಡಿ ಈ ಕಡಿ ತಂದೇನ್ರಿ. ಬರ್ರಿ, ಬಿಸಿ ಅದಾವು.”

ಅಲ್ಲಿದ್ದ ಗಂಡಸರು ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನನಗಂತೂ ಸ್ವಾತಂತ್ರ್ಯ ಸಿಕ್ಕಷ್ಟು ಆನಂದವಾಗಿತ್ತು. ತಿಂಗಳುಗಟ್ಟಲೆ ಹೊಟ್ಟೆಗೆ ಒಂದು ಪ್ಲೇಟ್ ಭಜಿ, ಅದರ ಮೇಲೆ ಅನುಮಾನ ಬರಬಾರದೆಂದು ಮೂರು ರೊಟ್ಟಿ ಇಳಿಸಿದೆ. ಮನೆಗೆ ಮಾತ್ರ ನಿಮಿಷವೂ ತಪ್ಪದೆ ತಲುಪುತ್ತಿದ್ದೆ.

ಮೊನ್ನೆ ರೊಟ್ಟಿ ಬಡಿಯುತ್ತ ಸುವರ್ಣಾ ತಾನಾಗಿ ಹೇಳಿದಳು: “ಆ ಮೆಸೇಜ್ ಬಂತಂದ್ರ ನನಗ ಉಸಿರು ಬರ್ತದ್ರಿ. ಎದಿ ನೋವು ಬಂದಾಗಿಂದ ನೀವು ಒಬ್ರೇ ಗಾಡಿ ಹೊಡಕೊಂಡು ಬರೋದಂದ್ರ ಅಂಜಿಕಿ. ಅದು ಟಿಣ್ ಅಂದ ಮ್ಯಾಲೇ ನಾ ಹಿಟ್ಟಿಗಿ ಕೈ ಹಚ್ಚೋದು.” ನಾನು ಆ ಮೆಸೇಜನ್ನು ಕಾವಲುಗಾರ ಎಂದುಕೊಂಡಿದ್ದೆ. ಅವಳು ದಿನಾ ಸಂಜೆ ಅದಕ್ಕಾಗಿ ಕಾಯುತ್ತ ಕೂರುತ್ತಿದ್ದಳು.

ಮರುದಿನ ಮಲ್ಲಪ್ಪ ಕೈ ಬೀಸಿ ಕರೆದರೂ ನಿಲ್ಲಿಸಲಿಲ್ಲ. ಬಿಸಿ ಎಣ್ಣೆಯ ಘಮ ಕಿಟಕಿಯಿಂದ ಒಳಗೆ ಬಂತು, ಗಾಜು ಏರಿಸಿದೆ! ಜೀವನದಲ್ಲಿ ಅಷ್ಟು ಹಗುರಾಗಿ ನಾನು ಯಾವ ಗೇಟನ್ನೂ ದಾಟಿರಲಿಲ್ಲ. ಪೀಂ ಎಂದಿತು, ಗೋಲು ಎದ್ದಿತು, ಇಪ್ಪತ್ತೈದು ನಿಮಿಷಕ್ಕೆ ಮನೆ. ಹೆಮ್ಮೆಯಿಂದ ತಾಟಿನ ಮುಂದೆ ಕುಳಿತೆ.

ಸುವರ್ಣಾ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುತ್ತ, ತಲೆಯೆತ್ತದೆ ಕೇಳಿದಳು: “ಇವತ್ತ ಮೆಸೇಜು ಇಪ್ಪತ್ತು ನಿಮಿಷ ಮೊದಲೇ ಬಂತಲ್ರಿ. ಭಜಿ ಬಂಡಿ ಬಂದ್ ಇತ್ತೇನು?”

ತೆರೆದಿತ್ತು ಎಂದರೂ ಸಿಕ್ಕಿಬೀಳುತ್ತೇನೆ, ಬಂದ್ ಇತ್ತು ಎಂದರೂ ಸಿಕ್ಕಿಬೀಳುತ್ತೇನೆ. ಭಜಿ ತಿನ್ನದೆ ಮನೆಗೆ ಬಂದ ದಿನವೇ ಭಜಿ ತಿಂದದ್ದಕ್ಕೆ ಸಿಕ್ಕಿಬಿದ್ದವನು ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.