ಮೂಗಿಗೆ ಜೋತುಬಿದ್ದ ಹೊಲಿಗೆ ಇಕ್ಕಳ

ಬೆಳಿಗ್ಗೆ ಅಕ್ಕಿ ಆರಿಸಿದೆ. ಹಾಸಿಗೆ ಹೊದಿಕೆ ಬದಲಿಸಿದೆ. ಬೇಗಂ ಬಜಾರಿನಿಂದ ತಂದ ಶೇಂಗಾ ಹುರಿದು ಚಟ್ನಿಪುಡಿ ಕುಟ್ಟಿದೆ. ರಾಯಚೂರಿನಿಂದ ಅತ್ತೆ ಬರುವವರಿದ್ದರು. ಉಳಿದದ್ದು ಒಂದೇ ಕೆಲಸ: ವಜ್ರದ ಮೂಗುಬೊಟ್ಟು ತೆಗೆದು, ಮದುವೆಯಲ್ಲಿ ಅತ್ತೆ ಕೊಟ್ಟ ಮುತ್ತಿನದನ್ನು ಹಾಕಿಕೊಳ್ಳುವುದು. ಅದೆಷ್ಟರ ಕೆಲಸ!

ಐಟಿ ಕಂಪನಿಗಳು ಬಂದ ಮೇಲೆ ಹೈದರಾಬಾದಿನ ಉಪ್ಪಲ್‌ನ ನಮ್ಮ ಬೀದಿಯಲ್ಲಿ ಮೂಗಿಗೊಂದು ವಜ್ರವಾಗಿತ್ತು. ನಾನೂ ಕೊಂಡಿದ್ದೆ. ಅತ್ತೆಗೆ ಹೇಳಿರಲಿಲ್ಲ.

ಮೂಗುಬೊಟ್ಟಿನ ತಿರುಪು ಮಿಸುಕಲಿಲ್ಲ. ಎಣ್ಣೆ ಬಿಟ್ಟರೆ ಬೆರಳೇ ಜಾರಿತು. ಆಗ ಕಣ್ಣಿಗೆ ಬಿತ್ತು, ಡಾಕ್ಟರಿಕೆ ಓದುವ ಮಗಳು ಶ್ರುತಿಯ ಇಕ್ಕಳ. ಗಾಯ ಹೊಲಿಯುವಾಗ ಸೂಜಿ ಹಿಡಿಯುವಂಥದ್ದು. ಇದರಿಂದಲೇ ಮನೆಯ ಬಾಳೆಹಣ್ಣಿಗೆಲ್ಲ ಹೊಲಿಗೆ ಹಾಕಿ ಕಲಿತು, ದೇವರಿಗೂ ಒಂದು ಉಳಿಸಿರಲಿಲ್ಲ ಅವಳು! ನೋಡಲು ಕತ್ತರಿ, ಬಾಯಿ ಮಾತ್ರ ಮೊಂಡು. ಮೂಗಿನೊಳಗೆ ತೂರಿಸಿ ತಿರುಪು ಹಿಡಿದೆ. ಟಕ್, ಟಕ್, ಟಕ್!

ಕಚ್ಚಿಕೊಂಡಿತು. ಬಿಡಲಿಲ್ಲ!

ಹಿಡಿಗಳನ್ನು ಅಗಲಿಸಿದಷ್ಟೂ ಕಣ್ಣಲ್ಲಿ ನೀರು. ಹಿಡಿಯಲು ಕಲಿಸಿ ಬಿಡಲು ಕಲಿಸದೆ ಈ ಸಾಮಾನನ್ನು ಅಂಗಡಿಗೆ ಕಳಿಸಿದ ಮಹಾಶಯ ಯಾರು? ಅವನ ಮೂಗಿಗೇ ತೂಗುಹಾಕಬೇಕು!

ಯಜಮಾನರು ಓಡಿ ಬಂದರು. "ಸ್ಕ್ರೂಡ್ರೈವರ್ ತರ್ಲೇನು?"

"ನನ್ನ ಮೂಗೇನು ಮಿಕ್ಸರ್ ಏನ್ರೀ? ಶ್ರುತಿಗೆ ಫೋನ್ ಮಾಡ್ರಿ!"

"ಈಗಷ್ಟ ಅಕೀನ ಮಾಡಿದ್ಲು. ಬರಾಕತ್ತಾಳ. ಆದ್ರ ಸಿಕಂದರಾಬಾದ್ ಸ್ಟೇಷನ್ನಿಂದ ನಮ್ಮವ್ವನ್ನ ಕರ್ಕೊಂಡೇ ಬರಾಕತ್ತಾಳ."

ಬಾಗಿಲ ಸದ್ದಾಯಿತು. ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಅದರ ಕೆಳಗೆ ಇಕ್ಕಳದ ಹಿಡಿಯ ಎರಡು ಉಕ್ಕಿನ ಉಂಗುರಗಳು ಜೋತಾಡಿದವು. ಅತ್ತೆ ಬಗ್ಗಿ ನೋಡಿದರು.

"ಇದೇನವ್ವಾ, ಹೈದರಾಬಾದಿನ ನತ್ತು? ಭಾಳ ವಜನ್ ಇರಬೇಕು!"

ಶ್ರುತಿ ನಗು ನುಂಗಿದಳು. "ಎಳೀಬ್ಯಾಡ ಅವ್ವಾ. ಬಿಡಬೇಕಂದ್ರ ಇನ್ನೊಂಚೂರು ಒತ್ತಬೇಕು."

ಒತ್ತಿದಳು. ಬಿಟ್ಟಿತು! ಬಿಡಿಸಲು ಒತ್ತಬೇಕಂತೆ, ಇದ್ಯಾವ ದೇಶದ ನ್ಯಾಯ? ಅದೇ ಇಕ್ಕಳದಿಂದ ತಿರುಪನ್ನೂ ಬಿಚ್ಚಿದಳು. ವಜ್ರ ನೇರ ಅತ್ತೆಯ ಅಂಗೈಗೆ ಬಿತ್ತು.

"ನನಗ ಹೇಳಲಾರ್ದ ತಗೊಂಡ್ಯಾ?"

ಅತ್ತೆ ಮುತ್ತಿನ ಬೊಟ್ಟನ್ನು ತಮ್ಮ ಕೈಯಾರೆ ನನ್ನ ಊದಿದ ಮೂಗಿಗೆ ತುರುಕಿದರು. ಆಮೇಲೆ ಕನ್ನಡಿ ಮುಂದೆ ನಿಂತು ವಜ್ರವನ್ನು ತಾವು ಹಾಕಿಕೊಂಡರು!

"ಹ್ಯಾಂಗ ಐತಿ?"

ಛಲೋ ಒಪ್ಪತೈತಿ ಅಂದಳು ಮಗಳು. ಯಜಮಾನರೂ ಅಂದರು. ಕೊನೆಗೆ ನಾನೂ ಅಂದೆ!

ರಾತ್ರಿ ಜೋಳದ ರೊಟ್ಟಿ, ಎಣ್ಣೆಗಾಯಿ ಉಂಡೆವು. ನನಗೆ ವಾಸನೆಯೇ ಹತ್ತಲಿಲ್ಲ. ಮೊದಲು ಮಲಗಿದವರು ಅತ್ತೆ. ನಾನು ಬಾಯಲ್ಲಿ ಉಸಿರಾಡುತ್ತಾ, ಅವರ ಮೂಗು ಮಿನುಗುವುದನ್ನು ನೋಡುತ್ತಾ ಕೂತಿದ್ದೆ.